ಶಸ್ತ್ರಕ್ರಿಯೆಗೆ ಮುನ್ನ ನೀರಿನ ಗಂಟೆ



ಅಡಿಕೆಗೆ ಮದ್ದು ಬಿಡುವ ವಿಚಾರ ಹೇಳುವ ಈ ಮನುಷ್ಯ ಇವತ್ತು ಆಸ್ಪತ್ರೆಯ ಮಾತು ಯಾಕೆ ತೆಗೆದ ಅಂತ ಕೇಳಬಹುದು. ಕಾರಣ ಉಂಟು.

ಸುಳ್ಯದ ಕಡೆಯ ನನ್ನ ದೊಡ್ಡಪ್ಪನಿಗೆ ಎಪ್ರಿಲ್ ತಿಂಗಳಲ್ಲಿ ಹರ್ನಿಯಾದ ಶಸ್ತ್ರಕ್ರಿಯೆ ಗೊತ್ತಾಗಿತ್ತು. ‘ರಾತ್ರಿ 10ರ ನಂತರ ಏನೂ ಬೇಡ’ ಎಂದು ಹೇಳಿ ಕಳಿಸಿದ್ದರು. ದೊಡ್ಡಪ್ಪನವರು ದಿನವಿಡೀ ಅಂಗಳದ ಬಿಸಿಲಲ್ಲಿ ಅಡಿಕೆ ಹರಗಿ, ಸಂಜೆ 6ಕ್ಕೇ ಗಂಜಿ ಉಂಡು, ಅಲ್ಲಿಗೆ ನೀರನ್ನೂ ನಿಲ್ಲಿಸಿಬಿಟ್ಟರು. ದೊಡ್ಡಮ್ಮ ‘ಒಂದು ಗುಟುಕು ಕುಡೀರಿ’ ಎಂದರೆ, ‘ಬೇಡ, ಡಾಕ್ಟ್ರು ಬೈತಾರೆ’ ಎಂದರಂತೆ. ಬೆಳಿಗ್ಗೆ ಜೀಪಿನಲ್ಲಿ ತಿರುವುಗಳಿಗೆ ವಾಂತಿ ಬೇರೆ. ಸರದಿ ಬಂದದ್ದು ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ನಾಲಗೆ ಒಣಗಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು, ಮೂತ್ರ ಕಷಾಯದ ಬಣ್ಣಕ್ಕೆ ಬಂದಿತ್ತು. ವೈದ್ಯರು ರಕ್ತದೊತ್ತಡ ನೋಡಿದವರೇ ಅಂದಿನ ಕೆಲಸ ಮುಂದಕ್ಕೆ ಹಾಕಿ ಸಲೈನ್ ಏರಿಸಿದರು.

ನೇಜಿ ಕೀಳುವ ಮುನ್ನ ನಾವು ಗದ್ದೆಗೆ ನೀರು ಕಟ್ಟುತ್ತೇವಲ್ಲವೇ? ಒಣಗಿದ ನೆಲದಿಂದ ಕಿತ್ತರೆ ಬೇರು ಹರಿದು, ನೆಟ್ಟ ಮೇಲೆ ಗಿಡ ಸೊರಗುತ್ತದೆ. ಮನುಷ್ಯನ ಸಂಗತಿಯೂ ಸುಮಾರು ಹಾಗೆಯೇ. ಅರಿವಳಿಕೆ ಕೊಟ್ಟಾಗ ರಕ್ತನಾಳಗಳು ಸಡಿಲಾಗುತ್ತವೆ. ಮೈಯಲ್ಲಿ ನೀರು ಮೊದಲೇ ಕಮ್ಮಿಯಾಗಿದ್ದರೆ ರಕ್ತದೊತ್ತಡ ತಟ್ಟನೆ ಇಳಿದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಹಾಗಾದರೆ ಉಪವಾಸ ಏತಕ್ಕೆ? ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿ. ಆದರೆ ಅನ್ನ ಹೊಟ್ಟೆಯಲ್ಲಿ ನಿಲ್ಲುವಷ್ಟು ಹೊತ್ತು ಬರಿಯ ನೀರು ನಿಲ್ಲುವುದಿಲ್ಲ. ಆದುದರಿಂದ ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆಗೆ ಈಗಿನ ಸಾಮಾನ್ಯ ಕ್ರಮ ಹೀಗೆ: ಹಗುರವಾದ ಊಟ ಅರಿವಳಿಕೆಗೆ 6 ಗಂಟೆ ಮೊದಲು ಮುಗಿಯಬೇಕು, ಎಣ್ಣೆ, ಮಾಂಸದ ಊಟವಾದರೆ 8 ಗಂಟೆ ಮೊದಲು. ನೀರನ್ನು ಮಾತ್ರ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಾಲು ಹಾಕದ ಚಹಾ ನೀರಿನ ಲೆಕ್ಕಕ್ಕೆ ಸೇರುತ್ತದೆ. ಹಾಲು, ಮಜ್ಜಿಗೆ, ಗಂಜಿತಿಳಿ ಇವೆಲ್ಲ ಊಟದ ಲೆಕ್ಕ. ನಮ್ಮವರು ಗಂಜಿತಿಳಿಯನ್ನು ನೀರೇ ಎಂದು ತಿಳಿಯುವುದುಂಟು, ಅಲ್ಲಿ ಎಚ್ಚರ.

ಈ ಕ್ರಮ ಎಲ್ಲರಿಗೂ ಒಂದೇ ಅಲ್ಲ. ಸಕ್ಕರೆ ಕಾಯಿಲೆಯವರು, ಬಸುರಿಯರು, ಹುಳಿತೇಗು ಜೋರಾಗಿರುವವರು, ಕರುಳು ಕಟ್ಟಿದವರು ಇವರಿಗೆಲ್ಲ ವೈದ್ಯರು ಹೇಳಿದ್ದೇ ಆಗಬೇಕು. ಹೃದಯ, ಮೂತ್ರಪಿಂಡದ ರೋಗಿಗಳಿಗೆ ನೀರು ಹೆಚ್ಚಾದರೂ ತೊಂದರೆ. ಎಳನೀರನ್ನು ಕೂಡ ಕೇಳದೆ ಕೊಡಬೇಡಿ. ಮೂತ್ರ ಹೋಗಲು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿ ತೋರಿಸಿ. ಮುದುಕರಿಗೆ ನೀರು ಕಮ್ಮಿಯಾದರೂ ಬಾಯಾರಿಕೆ ಸರಿಯಾಗಿ ತಿಳಿಯದು. ‘ಬೇಕಾ?’ ಎಂದು ಕೇಳಿದರೆ ‘ಬೇಡ’ ಎಂದೇ ಉತ್ತರ. ಹಿಂದಿನ ದಿನ ಅವರನ್ನು ಬಿಸಿಲಿಗೆ ಬಿಡದೆ, ಲೋಟ ಕೈಗೇ ಕೊಡಿ.

ಮರದಿಂದ ಬಿದ್ದು, ಇಲ್ಲವೆ ತಡೆಯಲಾರದ ಹೊಟ್ಟೆನೋವೆಂದು ಅವಸರದಲ್ಲಿ ಹೊರಟರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ನೀರನ್ನೂ ಸಹ. ಬೇಕಾದದ್ದನ್ನು ಆಸ್ಪತ್ರೆಯಲ್ಲಿ ನರದ ಮೂಲಕ ಕೊಡುತ್ತಾರೆ.

ಕಡಬದ ಒಳಗಿನ ಹಳ್ಳಿಗಳಿಂದ ಪುತ್ತೂರಿಗೋ ಮಂಗಳೂರಿಗೋ ಹೋಗುವವರು ಕತ್ತಲೆಗೇ ಎದ್ದು ಹೊರಡಬೇಕು. ದಿನ ಗೊತ್ತಾದಾಗಲೇ ವೈದ್ಯರಲ್ಲಿ ಎರಡು ಮಾತು ಬೇರೆ ಬೇರೆಯಾಗಿ ಕೇಳಿ: ‘ಕೊನೆಯ ಊಟ ಎಷ್ಟು ಗಂಟೆಗೆ? ಕೊನೆಯ ನೀರು ಎಷ್ಟು ಗಂಟೆಗೆ?’ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ದಾರಿಯಲ್ಲಿ ವಾಂತಿ, ಭೇದಿ ಆದರೆ ಮುಟ್ಟಿದ ಕೂಡಲೇ ತಿಳಿಸಿ. ಸರದಿ ತಡವಾದರೆ, ಈಗ ನೀರು ಕೊಡಬಹುದೇ ಎಂದು ನರ್ಸಮ್ಮನವರನ್ನು ಇನ್ನೊಮ್ಮೆ ಕೇಳಲು ಸಂಕೋಚ ಬೇಡ.

ದೊಡ್ಡಪ್ಪನವರ ಶಸ್ತ್ರಕ್ರಿಯೆ ಮೂರನೆಯ ದಿನ ಸುಸೂತ್ರವಾಗಿ ಆಯಿತು. ಆ ಬೆಳಿಗ್ಗೆ ವೈದ್ಯರು ಹೇಳಿದ ಗಂಟೆಗೆ ದೊಡ್ಡಮ್ಮನೇ ಎದುರು ಕೂತು ಒಂದು ಲೋಟ ನೀರು ಕುಡಿಸಿದ್ದರು.