ಊರಿಗೆ ಎಷ್ಟು ಗಂಟೆ?



ಮುಂಬಯಿಯಿಂದ ಮಂಗಳೂರಿಗೆ ಎಷ್ಟು ದೂರ? ಆಕಾಶದ ನೇರ ದಾರಿಯಲ್ಲಿ ಸುಮಾರು 700 ಕಿಲೋಮೀಟರ್, ರೈಲಿನಲ್ಲಿ ಸುಮಾರು 900. ಆದರೆ ನಮ್ಮ ಕರಾವಳಿಯ ಜನ ಊರಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆದವರಲ್ಲ, ಹೊತ್ತಿನಲ್ಲಿ ಅಳೆದವರು. ಹಿಂದೆ ಹಡಗು ಹತ್ತುತ್ತಿದ್ದರು. ಆಮೇಲೆ ಹಗಲು ರಾತ್ರಿ ಬಸ್ಸಿನಲ್ಲಿ ಕೂತರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾದ ಮೇಲೆ, ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದವರು ಮರುದಿನ ಊರಲ್ಲೇ ಬೆಳಗಿನ ಕಾಫಿ ಕುಡಿಯುವಂತಾಯಿತು.

ಈಗ ವಿಮಾನವಂತೂ ಒಂದೂವರೆ ಗಂಟೆ ಎನ್ನುತ್ತದೆ. ಗಂಟೆಗೆ 800 ಕಿಲೋಮೀಟರ್ ಹಾರುವ ವಿಮಾನಕ್ಕೆ 700 ಕಿಲೋಮೀಟರಿಗೆ ಒಂದೂವರೆ ಗಂಟೆ ಏಕೆ? ಟಿಕೆಟಿನ ಲೆಕ್ಕ ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಶುರು, ಮತ್ತೆ ನಿಲ್ಲುವಲ್ಲಿಗೆ ಮುಗಿತಾಯ. ಪೂರ್ತಿ ವೇಗ ಸಿಗುವುದು ನಡುವೆ ಸ್ವಲ್ಪ ಹೊತ್ತು ಮಾತ್ರ. ಜೊತೆಗೆ ಮುಂಬಯಿಯ ಹಳೆಯ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಎರಡನ್ನೂ ಒಟ್ಟಿಗೆ ಬಳಸಲಾಗದು. ಹಾಗಾಗಿ ಸರತಿ ತಪ್ಪಿದ್ದಲ್ಲ.

ನಮಗೆ ಬೇಕಾದದ್ದು ಮನೆಯಿಂದ ಮನೆಗೆ ಹಿಡಿಯುವ ಹೊತ್ತು. ಡೊಂಬಿವಲಿಯವರು ಕುಂದಾಪುರಕ್ಕೆ ಹೊರಟರು ಎನ್ನಿ. ವಿಮಾನ ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿ ಎರಡು ಗಂಟೆ ಮುಂಚೆಯೇ ಇರಬೇಕು, ಹಾರಾಟ ಒಂದೂವರೆ, ಬಜಪೆಯಲ್ಲಿ ಇಳಿದು ಸಾಮಾನು ಹಿಡಿಯಲು ಅರ್ಧ, ಅಲ್ಲಿಂದ ಕುಂದಾಪುರಕ್ಕೆ ಇನ್ನೆರಡು. ಒಂದೂವರೆ ಗಂಟೆ ಎಂದದ್ದು ಎಂಟು ಗಂಟೆಯಾಯಿತು! ಮತ್ಸ್ಯಗಂಧವಾದರೋ ಕುಂದಾಪುರದಲ್ಲೇ ನಿಲ್ಲುತ್ತದೆ, ರಾತ್ರಿಯ ನಿದ್ದೆಯೂ ದಾರಿಯಲ್ಲೇ ಆಗುತ್ತದೆ.

ಮದುವೆಗೋ ಕೋಲಕ್ಕೋ ಹೋಗುವಾಗ ಈ ಲೆಕ್ಕ ತಪ್ಪಿದರೆ ದೊಡ್ಡ ನಷ್ಟವಿಲ್ಲ. ಆದರೆ ನಡುರಾತ್ರಿ ಊರಿನಿಂದ ಫೋನು ಬರುವುದೂ ಉಂಟು. "ಅಮ್ಮ ಹೋದರು, ನೀನು ಎಷ್ಟು ಹೊತ್ತಿಗೆ ಬರುತ್ತಿ?" ಎಂದು ಅಣ್ಣ ಕೇಳುತ್ತಾನೆ. ಆಗ "ಬೆಳಗ್ಗಿನ ವಿಮಾನ, ಒಂದೂವರೆ ಗಂಟೆ" ಎಂದುಬಿಟ್ಟರೆ ಅಲ್ಲಿನವರು ಅದನ್ನೇ ನಂಬಿ ಏರ್ಪಾಡು ಮಾಡುತ್ತಾರೆ. ಅಂಗಳದಲ್ಲಿ ಬಂಧುಗಳು ಕಾಯುತ್ತಾರೆ, ಪುರೋಹಿತರು ಗಡಿಯಾರ ನೋಡುತ್ತಾರೆ. ಕಡೆಗೆ ಕಾದು ಸಾಕಾಗಿ ಮುಂದುವರಿದರೆ, ಮುಖ ನೋಡಲಾಗದ ನೋವು ಜೀವಮಾನವಿಡೀ ಉಳಿಯುತ್ತದೆ.

ಆದ್ದರಿಂದ ವಿಮಾನ ಇಳಿಯುವ ಹೊತ್ತನ್ನು ಹೇಳಬೇಡಿ, ಅಂಗಳಕ್ಕೆ ಕಾಲಿಡುವ ಹೊತ್ತನ್ನು ಹೇಳಿ. ಅದಕ್ಕೂ ಒಂದು ಗಂಟೆ ಸೇರಿಸಿಯೇ ಹೇಳಿ. ಮಳೆಗಾಲವಾದರೆ ಇನ್ನಷ್ಟು ಎಚ್ಚರ ಬೇಕು. ಬಜಪೆಯ ನಿಲ್ದಾಣ ಗುಡ್ಡದ ಮೇಲಿದೆ. ಮಳೆ ಮಂಜು ಕವಿದರೆ ವಿಮಾನ ಇಳಿಯಲಾಗದೆ ಬೆಂಗಳೂರಿನ ಕಡೆಗೆ ತಿರುಗಬಹುದು. ಕೊಂಕಣ ರೈಲಿಗೂ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ವೇಗವೂ ಕಡಿಮೆ.

ಇಂದೇ ಬಿಡುವಾದಾಗ ನಿಮ್ಮ ಬಾಗಿಲಿನಿಂದ ಊರಿನ ಬಾಗಿಲಿಗೆ ಎಷ್ಟು ಗಂಟೆ ಎಂದು ಕೂಡಿಸಿ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ಅವಸರದ ಹೊತ್ತಿನಲ್ಲಿ ಲೆಕ್ಕ ಮಾಡುವ ಮನಸ್ಸು ಯಾರಿಗೂ ಇರುವುದಿಲ್ಲ.