ಗಂಟೆ ಬಾರಿಸಿದ ಮೇಲಿನ ಶಾಲೆ

(ಬೊರಿವಲಿಯಲ್ಲಿ ಕನ್ನಡ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರೌಢಶಾಲೆಯ ಪಠ್ಯೇತರ ಚಟುವಟಿಕೆಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನಗೆ ಅಪ್ಪಣೆ ಮಾಡಿದ್ದಾರೆ. ಪಠ್ಯೇತರ ಎಂಬ ಮಾತಿನಲ್ಲಿಯೇ ಒಂದು ಬಗೆಯ ತಾತ್ಸಾರ ಅಡಗಿದೆ. ಪಠ್ಯವೆಂದರೆ ಊಟ, ಉಳಿದದ್ದೆಲ್ಲ ಉಪ್ಪಿನಕಾಯಿ ಎಂದು ನಾವು ತಿಳಿದುಕೊಂಡಿದ್ದೇವೆ. ಒಳನಾಡಿನಲ್ಲಿ ಈ ಭಾವನೆ ನಡೆದೀತು. ಆದರೆ ಹೊರನಾಡಿನಲ್ಲಿ ನೆಲೆಸಿದ ನಮ್ಮ ಮಕ್ಕಳ ಪಾಲಿಗೆ ಕನ್ನಡವು ಉಳಿಯುವುದಿದ್ದರೆ, ಅದು ಕೊನೆಯ ಗಂಟೆ ಬಾರಿಸಿದ ಮೇಲೆ ಆರಂಭವಾಗುವ ಶಾಲೆಯಲ್ಲಿಯೇ ಉಳಿಯಬೇಕಾಗಿದೆ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಬೊರಿವಲಿಯ ಕನ್ನಡ ಮನೆಗಳ ಹೆಚ್ಚಿನ ಮಕ್ಕಳು ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿಯ ಕಲಿಕೆ ಕಡ್ಡಾಯವಾಗಿದೆ. ನಾವು ಬಾಳುತ್ತಿರುವ ನೆಲದ ನುಡಿ ಅದು, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಅದರ ಜೊತೆಗೆ ಹಿಂದಿಯೂ ಇದೆ. 2025ರಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸಬೇಕೆಂಬ ಆದೇಶಗಳು ಹೊರಟು, ವಿರೋಧದ ಬಿರುಗಾಳಿಯೆದ್ದು, ಜೂನ್ 29ರಂದು ಸರಕಾರವು ಅವುಗಳನ್ನು ಹಿಂತೆಗೆದುಕೊಂಡಿತು. ಮೂರನೆಯ ಭಾಷೆಗೇ ಇಷ್ಟು ಇಕ್ಕಟ್ಟಾಗಿರುವ ವೇಳಾಪಟ್ಟಿಯಲ್ಲಿ ನಾಲ್ಕನೆಯದೊಂದಕ್ಕೆ ಎಡೆ ಸಿಗುವುದೆಂದು ಕಾಯುತ್ತ ಕೂಡುವುದು ವ್ಯರ್ಥ. ಆದ್ದರಿಂದ ನಾವು ವೇಳಾಪಟ್ಟಿಯ ಆಚೆಗೆ ನೋಡಬೇಕು.

ಹಾಗೆ ನೋಡಿದವರು ನಮಗಿಂತ ಮೊದಲೂ ಇದ್ದರು, ಇದೇ ಮುಂಬಯಿಯಲ್ಲಿ. 1848ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ 'ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ' ಎಂಬ ವಿದ್ಯಾರ್ಥಿ ಸಂಘ ಹುಟ್ಟಿತು. ದಾದಾಭಾಯಿ ನವರೋಜಿ, ಭಾವು ದಾಜಿ ಲಾಡ್ ಮೊದಲಾದವರು ಅದರಲ್ಲಿ ದುಡಿದವರು. ತರಗತಿಯ ಪಾಠ ಇಂಗ್ಲಿಷಿನದು. ಆದರೆ ಸಂಘವು ಗುಜರಾತಿಗೊಂದು, ಮರಾಠಿಗೊಂದು ಜ್ಞಾನಪ್ರಸಾರಕ ಶಾಖೆಯನ್ನು ಕಟ್ಟಿಕೊಂಡಿತು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಯುವಕರು ಅಲ್ಲಿ ತಮ್ಮ ನುಡಿಯಲ್ಲಿ ಬರೆದು ಓದಿದರು. ಅಷ್ಟಕ್ಕೇ ನಿಲ್ಲದೆ, ಮರುವರ್ಷವೇ ಈ ಸಂಘದವರು ನಗರದಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದು ತಾವೇ ಪಾಠ ಹೇಳಿದರು. ಪಠ್ಯದ ಹೊರಗಿನ ಒಂದು ಕೂಟವು ಒಂದು ಊರಿನ ಇತಿಹಾಸವನ್ನು ತಿರುಗಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬೋಧನೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. 1918–19ರ ಹೊತ್ತಿಗೆ ಆ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಹೊರಟಿತು. ನವೋದಯದ ಎಷ್ಟೋ ಲೇಖಕರಿಗೆ ಹಾದಿಯಾದ ಆ ಪತ್ರಿಕೆ ಹುಟ್ಟಿದ್ದು ಒಂದು ಕಾಲೇಜಿನ ಸಂಘದಲ್ಲಿ ಎಂಬುದನ್ನು ನಾವು ಮರೆಯಬಾರದು.

ಇನ್ನು ಮುಂಬಯಿ ಕನ್ನಡಿಗರ ರಾತ್ರಿಶಾಲೆಗಳನ್ನು ನೆನೆಯದೆ ಈ ಮಾತು ಪೂರ್ಣವಾಗದು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ ಮೊದಲಾದ ಸಂಸ್ಥೆಗಳು ಊರು ಬಿಟ್ಟು ಬಂದ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದವು. ಹಗಲೆಲ್ಲ ಹೋಟೆಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದ ಹುಡುಗರು ಸಂಜೆ ಕೈಕಾಲು ತೊಳೆದು ಬೆಂಚಿನ ಮೇಲೆ ಕೂಡುತ್ತಿದ್ದರು. ಅವರಿಗೆ ಪಾಠಕ್ಕೇ ಸಮಯವಿರಲಿಲ್ಲ. ಆದರೂ ಕೈಬರಹದ ಪತ್ರಿಕೆ, ಚರ್ಚಾಕೂಟ, ವಾರ್ಷಿಕೋತ್ಸವದ ನಾಟಕ ಇವುಗಳಿಗೆ ಅವರು ನಿದ್ದೆಯ ಹೊತ್ತನ್ನು ಕೊಟ್ಟರು. ಮುಂದೆ ಈ ನಗರದ ಕನ್ನಡ ಸಂಘ, ನಾಟಕ ತಂಡ, ಪತ್ರಿಕೆಗಳನ್ನು ನಡೆಸಿದವರಲ್ಲಿ ರಾತ್ರಿಶಾಲೆಯ ಹಳೆ ವಿದ್ಯಾರ್ಥಿಗಳು ಅನೇಕರು. ಸಭೆ ನಡೆಸುವುದು, ವಂತಿಗೆ ಎತ್ತುವುದು, ಲೆಕ್ಕ ಒಪ್ಪಿಸುವುದು, ಭಿನ್ನಮತವನ್ನು ಸಹಿಸುವುದು ಇವು ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿ ಆ ಹುಡುಗರು ಅವನ್ನು ಕಲಿತರು.

ಈಗ ನಮ್ಮ ಇಂದಿನ ಸ್ಥಿತಿಗೆ ಬರೋಣ. ರಾತ್ರಿಶಾಲೆಗಳಲ್ಲಿ ಹಲವು ಈಗ ಇಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಕ್ಷೀಣಿಸಿವೆ. ಅವುಗಳ ಬದಲಿಗೆ ನಮ್ಮ ಸಂಘಗಳು ವರ್ಷಕ್ಕೊಮ್ಮೆ ಮಕ್ಕಳ ಕಾರ್ಯಕ್ರಮ ಮಾಡುತ್ತವೆ. ಅದು ಒಳ್ಳೆಯ ಕೆಲಸವೇ, ನಾನು ಹಗುರವಾಗಿ ಮಾತನಾಡುತ್ತಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಹಾಡನ್ನು ಆರಿಸಿದವರು ಯಾರು? ಹಿರಿಯರು. ಉಡುಪು ತಂದವರು, ಸಮಯ ಗೊತ್ತು ಮಾಡಿದವರು, ನಿರೂಪಣೆ ಬರೆದವರು ಎಲ್ಲ ಹಿರಿಯರೇ. ಮಗುವಿನ ಕೈಗೆ ಬರುವುದು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದ ನಾಲ್ಕು ಸಾಲಿನ ಚೀಟಿ. ಅದನ್ನು ಬಾಯಿಪಾಠ ಮಾಡಿ, ಒಪ್ಪಿಸಿ, ಬಹುಮಾನ ಪಡೆದು ಮಗು ಕೆಳಗಿಳಿಯುತ್ತದೆ. ನಮಗೆ ಕಣ್ತುಂಬಿ ಬರುತ್ತದೆ, ಚೀಟಿ ಮರುದಿನ ಕಳೆದುಹೋಗುತ್ತದೆ. ರಾತ್ರಿಶಾಲೆಯ ಹುಡುಗ ಸಂಘವನ್ನು ನಡೆಸುತ್ತಿದ್ದ, ನಮ್ಮ ಮಗು ಸಂಘದ ವೇದಿಕೆಯನ್ನು ಹತ್ತಿ ಇಳಿಯುತ್ತಿದೆ. ಈ ಅಂತರದಲ್ಲಿಯೇ ನಮ್ಮ ನಷ್ಟವಿದೆ.

ಸ್ಪರ್ಧೆಗಳಿಂದ ಈ ನಷ್ಟ ತುಂಬಲಾರದೆ ಎಂದು ಕೆಲವರು ಕೇಳಬಹುದು. ಕೇರಳದ ಶಾಲಾ ಕಲೋತ್ಸವವನ್ನು ನೋಡಿ. 1957ರಲ್ಲಿ ಆರಂಭವಾದ ಆ ಉತ್ಸವದಲ್ಲಿ ಇಂದು ಕನ್ನಡ ಕಂಠಪಾಠವೂ ಯಕ್ಷಗಾನವೂ ಸ್ಪರ್ಧೆಯ ವಿಷಯಗಳಾಗಿವೆ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದರಿಂದ ದೊರೆತ ಮನ್ನಣೆ ಸಣ್ಣದಲ್ಲ. ಮಲಯಾಳದ ನಾಡಿನಲ್ಲಿ ಶಾಲೆಯ ಹೆಸರಿನಲ್ಲಿಯೇ ಕನ್ನಡಕ್ಕೆ ರಂಗ ಸಿಗುತ್ತದೆ. ಆದರೆ ಅಲ್ಲಿಯೂ ಗ್ರೇಸ್ ಅಂಕಗಳ ಆಸೆ, ವೇಷಭೂಷಣದ ಖರ್ಚು ಇವುಗಳ ಬಗ್ಗೆ ದೂರುಗಳಿವೆ. ಸ್ಪರ್ಧೆಯು ಕೆಲವರನ್ನು ಮುಂದೆ ತರುತ್ತದೆ. ಉಳಿದವರಿಗೂ ಒಂದು ಕೆಲಸ ಕೊಡುವುದು ಸಂಘ.

ಆದುದರಿಂದ ನನ್ನ ಸಲಹೆ ಇಷ್ಟು. ಮೊದಲನೆಯದಾಗಿ, ನಮ್ಮ ಮಕ್ಕಳು ಹೆಚ್ಚಾಗಿರುವ ಶಾಲೆಗಳ ಮುಖ್ಯಾಧ್ಯಾಪಕರನ್ನು ಪಾಲಕರು ಕಂಡು, ಶನಿವಾರ ಒಂದು ಗಂಟೆ ಒಂದು ಕೋಣೆಯನ್ನು ಕೇಳಬೇಕು. ಕನ್ನಡವನ್ನು ವಿಷಯವಾಗಿ ಕಲಿಸಿ ಎಂದು ಕೇಳಿದರೆ 'ಸಾಧ್ಯವಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ, ಕೋಣೆಯನ್ನು ಕೇಳಿದರೆ ಯೋಚಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯಕ್ಕೂ ಪಠ್ಯೇತರಕ್ಕೂ ಗೋಡೆ ಬೇಡವೆಂದು ಹೇಳಿದೆ. ಡಿಸೆಂಬರ್ 11ರಂದು ಶಾಲೆಗಳಲ್ಲಿ ಭಾರತೀಯ ಭಾಷಾ ಉತ್ಸವವನ್ನು ಆಚರಿಸುವ ಪರಿಪಾಠವೂ ಆರಂಭವಾಗಿದೆ. ಈ ಬಾಗಿಲುಗಳನ್ನು ನಾವು ತಟ್ಟಬೇಕು. ಶಾಲೆ ಒಪ್ಪದಿದ್ದರೆ ನಮ್ಮ ಹೌಸಿಂಗ್ ಸೊಸೈಟಿಗಳ ಕಚೇರಿ ಇದೆ.

ಎರಡನೆಯದಾಗಿ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳೇ ಆಗಿರಲಿ. ಹಿರಿಯರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತಿರಲಿ, ಕೇಳಿದಾಗ ಮಾತ್ರ ಬಾಯಿ ತೆರೆಯಲಿ. ನಡಾವಳಿ ಪುಸ್ತಕ ಕನ್ನಡ ಲಿಪಿಯಲ್ಲಿರಲಿ. ಮೊದಲ ತಿಂಗಳು ಎರಡು ಸಾಲು, ಅದರಲ್ಲಿ ಹತ್ತು ತಪ್ಪು ಇದ್ದರೂ ಚಿಂತೆಯಿಲ್ಲ. ಲಿಪಿಯು ಅಗತ್ಯವಾದ ದಿನ ಮಗು ಅದನ್ನು ಕಲಿಯುತ್ತದೆ.

ಮೂರನೆಯದಾಗಿ, ಮರಾಠಿ, ಗುಜರಾತಿ ಮನೆಗಳ ಗೆಳೆಯರಿಗೂ ಬಾಗಿಲು ತೆರೆದಿರಲಿ. ನಮ್ಮ ಮಕ್ಕಳು ಕನ್ನಡವನ್ನು ಇನ್ನೊಬ್ಬರಿಗೆ ಕಲಿಸುವಾಗಲೇ ತಾವೂ ಕಲಿಯುತ್ತಾರೆ.

ನಾಲ್ಕನೆಯದಾಗಿ, ಸಂಘಕ್ಕೆ ನಿಜವಾದ ಕೆಲಸವಿರಲಿ. ನಮ್ಮ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಿವೆ. ಶಿಲಾಹಾರರ ಪುಲ್ಲಶಕ್ತಿ, ಕಪರ್ದಿ ಎಂಬ ಸಾಮಂತರ ಆ ಶಾಸನಗಳು ತಮ್ಮ ಒಡೆಯನಾದ ಅಮೋಘವರ್ಷನನ್ನು ಹೆಸರಿಸುತ್ತವೆ. 'ಕವಿರಾಜಮಾರ್ಗ' ಯಾರ ಆಸ್ಥಾನದಲ್ಲಿ ರಚಿತವಾಯಿತೋ ಆ ನೃಪತುಂಗನೇ ಈತ. ಬೊರಿವಲಿಯ ಎಷ್ಟು ಕನ್ನಡ ಮಕ್ಕಳಿಗೆ ಇದು ಗೊತ್ತಿದೆ? ಸಂಘದ ಮಕ್ಕಳು ಅಲ್ಲಿಗೆ ಹೋಗಲಿ, ನೋಡಿದ್ದನ್ನು ಮೂರು ನುಡಿಗಳಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಲಿ. ಮನೆಯ ಅಜ್ಜ-ಅಜ್ಜಿ ಯಾವ ವರ್ಷ, ಯಾವ ಕೆಲಸಕ್ಕಾಗಿ ಮುಂಬಯಿಗೆ ಬಂದರೆಂದು ಕೇಳಿ ಬರೆದಿಡಲಿ. ಆ ಹಿರಿಯರು ಹೊರಟುಹೋದ ಮೇಲೆ ಆ ಸಂಗತಿಗಳನ್ನು ಹೇಳುವವರು ಯಾರೂ ಇರುವುದಿಲ್ಲ.

ಹತ್ತನೆಯ ತರಗತಿಯ ಪರೀಕ್ಷೆ, ಟ್ಯೂಷನ್, ಕ್ಲಾಸುಗಳ ನಡುವೆ ಇದಕ್ಕೆಲ್ಲ ಸಮಯವೆಲ್ಲಿ ಎಂದು ತಾಯಂದಿರು ಕೇಳುವರು. ಆತಂಕ ನ್ಯಾಯವಾದದ್ದೇ. ಅದಕ್ಕಾಗಿಯೇ ಹತ್ತನೆಯವರನ್ನು ಹೊಣೆಯಿಂದ ಬಿಟ್ಟಿದ್ದೇನೆ. ಉಳಿದವರಿಗೆ ವಾರಕ್ಕೆ ಒಂದೇ ಗಂಟೆ. ದಿನವಿಡೀ ಪಾತ್ರೆ ತೊಳೆದ ಹುಡುಗನಿಗೆ ಸಿಕ್ಕಿದ ಸಮಯ ನಮ್ಮ ಮಕ್ಕಳಿಗೆ ಸಿಗದೆಂದು ಹೇಳಲು ನನಗಂತೂ ಮನಸ್ಸಾಗುವುದಿಲ್ಲ.

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮೊದಲು ಕನಿಷ್ಠ ಒಂದು ಶಾಲೆಯ ಮುಖ್ಯಾಧ್ಯಾಪಕರನ್ನು ನಮ್ಮಲ್ಲಿ ನಾಲ್ವರು ಪಾಲಕರು ಕೂಡಿ ಕಾಣಲಿ, ಜೊತೆಗೆ ಇಬ್ಬರು ವಿದ್ಯಾರ್ಥಿಗಳೂ ಇರಲಿ, ಮಾತನ್ನು ಅವರೇ ಆಡಲಿ. ಇಷ್ಟನ್ನು ಈ ಸಭೆ ಇಂದೇ ನಿರ್ಣಯಿಸಬೇಕೆಂದು ವಿನಂತಿಸುತ್ತೇನೆ.