ಮೇಜಿನ ಮೇಲಿನವರ ಹೆಸರು



ಡಾಕ್ಟರಿಕೆ ಓದಲು ಹೋದ ಮಕ್ಕಳು ಹಿರಿಯ ವೈದ್ಯರ ಬೆನ್ನ ಹಿಂದೆ ನಿಂತು ಕಲಿಯುವಾಗ ಏನೇನು ಕಂಡು ಬೆಚ್ಚಿಬೀಳುತ್ತಾರೆ, ಅದನ್ನು ಹೇಳಿ ಎಂದು ಕ್ಯಾಸಲ್‌ರಾಕ್‌ನ ಸಂಘದವರಾದ ನೀವು ಕೇಳಿದಿರಿ. ಹೆರಿಗೆ ಕೋಣೆಯ ಕೂಗು, ಕ್ಯಾಶುವಾಲ್ಟಿಗೆ ಬರುವ ಅಪಘಾತದ ಕೇಸು, ನೋಡನೋಡುತ್ತಲೇ ನಿಂತುಹೋಗುವ ಉಸಿರು, ಎಲ್ಲವೂ ಹೌದು. ಆದರೆ ನಾನು ಬದುಕಿನ ಬಹುಪಾಲು ಅಂಗರಚನಾಶಾಸ್ತ್ರ ಕಲಿಸಿದವಳು. ನನ್ನ ಮನಸ್ಸನ್ನು ಬಿಡದೆ ಕಾಡಿದ್ದು ಒಂದೇ ಪ್ರಶ್ನೆ: ಡಿಸೆಕ್ಷನ್ ಹಾಲಿನ ಮೇಜಿನ ಮೇಲೆ ಮಲಗಿರುವವರ ಹೆಸರನ್ನು ವಿದ್ಯಾರ್ಥಿಗೆ ಹೇಳಬೇಕೇ, ಬೇಡವೇ? ಇವತ್ತು ಅದನ್ನಷ್ಟೇ ಮಾತಾಡುತ್ತೇನೆ.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1836ರಲ್ಲಿ ಕೋಲ್ಕತ್ತದಲ್ಲಿ ಮಧುಸೂದನ ಗುಪ್ತರು ಜಾತಿಕಟ್ಟಳೆ ಮೀರಿ ಶವಚ್ಛೇದನ ಮಾಡಿದರು. ಇಲ್ಲಿಂದ ಘಟ್ಟ ಇಳಿದರೆ ಸಿಗುವ ಗೋವೆಯಲ್ಲಿ ಪೋರ್ಚುಗೀಸರ ವೈದ್ಯಶಾಲೆ 1842ರಲ್ಲಿ ಶುರುವಾಯಿತು. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಹುಟ್ಟಿದ್ದು 1957ರಲ್ಲಿ. ನಮ್ಮ ರಾಜ್ಯದ ಅನಾಟಮಿ ಕಾಯ್ದೆಯೂ ಅದೇ ವರ್ಷದ್ದು. ವಾರಸುದಾರರಿಲ್ಲದ ಶವಗಳನ್ನು ಕಲಿಕೆಗಾಗಿ ಕಾಲೇಜುಗಳಿಗೆ ಕೊಡಬಹುದು ಎನ್ನುವ ಕಾಯ್ದೆ ಅದು. ನಾವೆಲ್ಲ ಡಾಕ್ಟರಾದದ್ದು ಆ ಕಾಯ್ದೆಯ ಆಸರೆಯಲ್ಲಿ.

ಕ್ಯಾಸಲ್‌ರಾಕ್ ರೈಲಿನ ಊರಾದ್ದರಿಂದ ಒಂದು ಮಾತು ಇಲ್ಲಿಯೇ ತಿದ್ದಬೇಕು. ಹಳಿಗೆ ಬಿದ್ದು ಸತ್ತ ಅನಾಥರನ್ನು ಮೆಡಿಕಲ್ ಕಾಲೇಜಿಗೆ ಒಯ್ಯುತ್ತಾರೆ ಎಂದು ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಅಂಥ ಸಾವಿಗೆ ಮರಣೋತ್ತರ ಪರೀಕ್ಷೆ ಆಗಲೇಬೇಕು. ಪರೀಕ್ಷೆಯಲ್ಲಿ ರಕ್ತನಾಳಗಳು ಕತ್ತರಿಸಿಹೋದ ಮೇಲೆ, ಕೆಡದಂತೆ ಕಾಯಲು ತೊಡೆಯ ಧಮನಿಯಿಂದ ಏರಿಸುವ ಫಾರ್ಮಲಿನ್ ದೇಹದ ತುಂಬ ಹರಿಯುವುದಿಲ್ಲ. ಕಲಿಕೆಗೆ ಬೇಕಾಗುವುದು ಇಡಿಯಾದ ದೇಹ. ಆದ್ದರಿಂದ ನಮ್ಮ ಮೇಜಿಗೆ ಬರುತ್ತಿದ್ದವರು ಹೆಚ್ಚಾಗಿ ಆಸ್ಪತ್ರೆಯ ವಾರ್ಡಿನಲ್ಲೇ ಕಾಯಿಲೆಯಿಂದ ತೀರಿಕೊಂಡವರು. ಬಸ್‌ಸ್ಟ್ಯಾಂಡಿನಿಂದ ಯಾರೋ ತಂದು ಸೇರಿಸಿದವರು, ದುಡಿಯಲು ಊರು ಬಿಟ್ಟು ಬಂದವರು, ಮನೆಯವರಿಗೆ ಸುದ್ದಿ ಮುಟ್ಟದವರು. ಜೋಯಿಡಾ ಕಾಡೊಳಗಿನ ಕುಣಬಿಯೋ ಗೌಳಿಯೋ ಒಬ್ಬಂಟಿಯಾಗಿ ದೊಡ್ಡ ಊರಿನ ಆಸ್ಪತ್ರೆ ಸೇರಿ, ಅವನ ಮಾತು ವಾರ್ಡಿನಲ್ಲಿ ಒಬ್ಬರಿಗೂ ತಿಳಿಯದೆ ಕಣ್ಣು ಮುಚ್ಚಿದರೆ ಅವನಿಗೆ ಹೆಸರಿರುವುದು ಎಲ್ಲಿ? ನಮ್ಮ ಜಿಲ್ಲೆಗೆ ಮೆಡಿಕಲ್ ಕಾಲೇಜು ಬಂದದ್ದೇ ಮೊನ್ನೆ ಮೊನ್ನೆ, ಅದೂ ಕಾರವಾರಕ್ಕೆ. ದೊಡ್ಡ ಕಾಯಿಲೆಗೆ ನೀವು ಇವತ್ತಿಗೂ ಹುಬ್ಬಳ್ಳಿ, ಬೆಳಗಾವಿ, ಇಲ್ಲವೇ ಘಟ್ಟದ ಕೆಳಗೆ ಗೋವೆಯ ಬಾಂಬೋಳಿ ಆಸ್ಪತ್ರೆಯ ದಾರಿ ಹಿಡಿಯುವವರು. ಈ ಮಾತು ನಿಮಗೆ ದೂರದ್ದಲ್ಲ.

ನಾನು ಮೊದಲ ವರ್ಷದಲ್ಲಿದ್ದಾಗಿನ ಒಂದು ಬೆಳಗು ಹೇಳುತ್ತೇನೆ. ಕಣ್ಣಲ್ಲಿ ಫಾರ್ಮಲಿನ್ನಿನ ಉರಿ, ಕೈಯಲ್ಲಿ ಛೇದನ ಕಲಿಸುವ ಕನ್ನಿಂಗ್‌ಹ್ಯಾಮ್ ಪುಸ್ತಕ. ಮುಖಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಾರೆ, ಅದರ ಸರದಿ ಬರುವುದು ಕೊನೆಗೆ. ಆರಂಭ ಎದೆ ಮತ್ತು ತೋಳಿನಿಂದ. ಮುಖ ಕಾಣದಿದ್ದರೆ ಧೈರ್ಯ ಉಳಿಯುತ್ತದೆ ಎನ್ನುವುದು ಹಳೆಯ ಲೆಕ್ಕ. ಆದರೆ ನಮ್ಮ ಮೇಜಿನವರ ಮುಂಗೈ ಮೇಲೆ ಹಚ್ಚೆ ಇತ್ತು. ಒಂದು ಹೆಣ್ಣಿನ ಹೆಸರು, ಕನ್ನಡದಲ್ಲಿ, ಒತ್ತಕ್ಷರ ತಪ್ಪಿ ಬರೆದದ್ದು. ತಾಯಿಯದೋ, ಹೆಂಡತಿಯದೋ, ಸತ್ತ ಮಗಳದೋ. ಅಷ್ಟು ಹೊತ್ತು ಹೇಗೋ ತಡೆದುಕೊಂಡಿದ್ದ ನಮ್ಮ ತಂಡದ ಹುಡುಗ ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಅವನಿಗೆ ರಕ್ತದ ಹೆದರಿಕೆ ಇರಲಿಲ್ಲ, ಅಲ್ಲಿ ರಕ್ತವೂ ಇರಲಿಲ್ಲ.

ನಮಗೆ ಕಲಿಸುತ್ತಿದ್ದ ಸರ್ ಧಾರವಾಡ ಕಡೆಯವರು, ಮಾತು ಕಡಿಮೆ. ಬಂದು ನೋಡಿದರು. "ಗೀರು ಒಂದ್ ಬೆರಳು ಆಚೆ ತಗೋರಿ. ಆ ಹೆಸರು ಇರ್ಲಿ" ಎಂದರು. ಚರ್ಮವನ್ನು ಒಂದೇ ಪದರವಾಗಿ ಬಿಡಿಸಿ, ಹಚ್ಚೆ ಹರಿಯದಂತೆ ಮಡಚಿಟ್ಟೆವು. ದಿನದ ಕೆಲಸ ಮುಗಿದ ಮೇಲೆ ಆ ಪದರವನ್ನು ಮತ್ತೆ ಮೇಲೆ ಹೊದಿಸಿ ಹೋಗಬೇಕೆಂದು ಕಟ್ಟುಮಾಡಿದರು. ಅದೇ ವಿಭಾಗದ ಇನ್ನೊಬ್ಬ ಹಿರಿಯರು ಇದನ್ನು ಒಪ್ಪಲಿಲ್ಲ. "ಹಿಂಗ ಮೆತ್ತಗ ಮಾಡಿದ್ರ ನಾಳೆ ಇವರು ಥಿಯೇಟರ್‌ನಾಗ ಕತ್ತಿ ಹಿಡಿಯೋದು ಹೆಂಗ?" ಎಂದು ನಮ್ಮೆದುರೇ ಕೇಳಿದರು. ಇಬ್ಬರೂ ದೊಡ್ಡ ಗುರುಗಳು, ಇಬ್ಬರಿಂದಲೂ ನಾನು ಕಲಿತೆ. ಅವರ ಆ ಜಗಳವನ್ನು ನನ್ನ ತಲೆಯೊಳಗೆ ಇಂದಿಗೂ ಮುಂದುವರಿಸಿಕೊಂಡು ಬಂದಿದ್ದೇನೆ.

ಈಗ 2010ಕ್ಕೆ ಬರೋಣ. ಇಲ್ಲಿರುವ ಹಿರಿಯರು ಪತ್ರಿಕೆಯಲ್ಲಿ ಓದಿರುತ್ತೀರಿ. ಬೈಲಹೊಂಗಲದ ಆಯುರ್ವೇದ ವೈದ್ಯ ಬಸವಣ್ಣೆಪ್ಪ ರಾಮಣ್ಣವರ ತೀರಿಕೊಂಡದ್ದು 2008ರಲ್ಲಿ. ತನ್ನ ದೇಹವನ್ನು ಮಗನೇ ಛೇದಿಸಿ ವಿದ್ಯಾರ್ಥಿಗಳಿಗೆ ತೋರಿಸಬೇಕು ಎನ್ನುವುದು ಅವರ ಇಚ್ಛೆಯಾಗಿತ್ತು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಕಾಲೇಜಿನಲ್ಲಿ ಶರೀರರಚನೆ ಕಲಿಸುವವರು. ದೇಹವನ್ನು ಕೆಡದಂತೆ ಕಾಯ್ದಿಟ್ಟು, ಎರಡು ವರ್ಷದ ಮೇಲೆ, 2010ರ ನವೆಂಬರಿನಲ್ಲಿ, ಅವರು ತಂದೆಯ ಮಾತು ನಡೆಸಿದರು.

ನಮ್ಮ ವಲಯದಲ್ಲಿ ಅದರ ಬಗ್ಗೆ ದೊಡ್ಡ ವಾದ ನಡೆಯಿತು. ಆ ಭಾಗದಲ್ಲಿ ದೇಹದಾನದ ಬಗೆಗಿನ ಅಂಜಿಕೆ ಒಡೆಯಲು ಇದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ ಎಂದರು ನನ್ನ ಸಹೋದ್ಯೋಗಿ ಗೆಳತಿ. ನಾನು ಕೇಳಿದ್ದು ಬೇರೆ: ಸುತ್ತ ನಿಂತ ವಿದ್ಯಾರ್ಥಿಗಳು ಏನನ್ನು ಕಲಿತು ಹೋದರು? ಮೇಜಿನ ಮೇಲಿನವರಿಗೆ ಒಬ್ಬ ಮಗ ಇದ್ದಾನೆ ಎಂಬುದನ್ನು ಕಲಿತರೇ? ಅಥವಾ ಮಗನೇ ಕತ್ತಿ ಹಿಡಿಯಬಲ್ಲ, ನೀನ್ಯಾಕೆ ನಡುಗುತ್ತೀ ಎನ್ನುವುದನ್ನೇ? ಮೊದಲನೆಯದಾದರೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಎರಡನೆಯದಾದರೆ ನಡುಗುವ ಹುಡುಗಿ ನಾಳೆಯಿಂದ ತನ್ನ ನಡುಕ ಮುಚ್ಚಿಡುವುದನ್ನು ಕಲಿಯುತ್ತಾಳೆ.

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಹರಿಶ್ಚಂದ್ರನ ಕಥೆ ಹೇಳಬೇಕಿಲ್ಲ. ರಾಘವಾಂಕನ ಕಾಲದಿಂದ ಈ ನಾಡು ಅವನನ್ನು ಸತ್ಯಕ್ಕಾಗಿ ಹೊಗಳುತ್ತ ಬಂದಿದೆ. ಆದರೆ ಆಟ ನೋಡುವಾಗ ನಾವು ಅಳುವುದು ಅವನ ಸತ್ಯ ಕಂಡಲ್ಲ. ಮಗ ಲೋಹಿತಾಶ್ವನ ಹೆಣ ಹೊತ್ತು ಬಂದ ಹೆಂಗಸು ಯಾರೆಂದು ತಿಳಿದ ಮೇಲೂ ಸುಡುಗಾಡಿನ ತೆರಿಗೆ ಕೇಳಬೇಕಾದವನ ಎದೆಯಲ್ಲಿ ಏನಾಗುತ್ತಿದೆ ಎಂದು ಕಂಡು ಅಳುತ್ತೇವೆ. ಪಾತ್ರಧಾರಿ ಅದನ್ನು ತೋರಿಸಬೇಕು, ತೋರಿಸದಿದ್ದರೆ ಆಟ ಕೆಟ್ಟಿತು. ವೈದ್ಯಶಿಕ್ಷಣದಲ್ಲಿ ಮಾತ್ರ ಅದನ್ನು ತೋರಿಸದವನೇ ಗಟ್ಟಿಗ ಎಂದುಕೊಂಡು ತಲೆಮಾರುಗಳನ್ನು ಬೆಳೆಸಿದೆವು.

ಇತ್ತೀಚೆಗೆ ಬದಲಾವಣೆ ಬಂದಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಶವವೇ ನಮ್ಮ ಮೊದಲ ಗುರು ಎನ್ನುವ ಪಾಠ ಇದೆ. ಛೇದನಕ್ಕೆ ಮುಂಚೆ ಪ್ರತಿಜ್ಞೆ ಮಾಡಿಸುತ್ತಾರೆ. ಆದರೆ ಅದೇ ಪಠ್ಯಕ್ರಮ ಇನ್ನೊಂದು ಬಾಗಿಲನ್ನೂ ತೆರೆದಿದೆ. ಮೊದಲೆಲ್ಲ ಎರಡನೆಯ ಹಂತಕ್ಕೆ ಬಂದ ಮೇಲೆ ವಾರ್ಡು. ಈಗ ಮೊದಲ ವರ್ಷದಲ್ಲೇ ಮಕ್ಕಳನ್ನು ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ಯುತ್ತಾರೆ. ಒಂದು ದಿನ ಮೇಜಿನ ಮೇಲಿನ ತೋಳು, ಇನ್ನೊಂದು ದಿನ ಅಂಥದೇ ತೋಳಿನಲ್ಲಿ ನಾಡಿ ಬಡಿತ. ಇದು ಒಳ್ಳೆಯದೇ. ಆದರೆ ವಾರ್ಡು, ಡಿಸೆಕ್ಷನ್ ಹಾಲು ಎಂಬ ಈ ಎರಡು ಕೋಣೆಗಳ ನಡುವೆ ದಾರಿಯಿದೆ ಎಂದು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಅವರೇ ಕಂಡುಕೊಳ್ಳುತ್ತಾರೆ.

ನಾನು ನಿವೃತ್ತಳಾಗುವ ಮುಂಚಿನ ಮಾತು. ಒಬ್ಬ ಹುಡುಗಿ ವಾರ್ಡಿನಲ್ಲಿ ಮುದುಕನೊಬ್ಬನ ನಾಡಿ ನೋಡಿದ್ದಳಂತೆ. ಜತೆಗೆ ಯಾರೂ ಇರಲಿಲ್ಲ. ಆತ ಇವಳ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಕೇಳಿದ, ಇವಳಿಗೆ ತಿಳಿಯಲಿಲ್ಲ. ಮುಂದಿನ ಸಲ ಹೋದಾಗ ಹಾಸಿಗೆ ಖಾಲಿ. ಹುಡುಗಿ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು: "ಮೇಡಂ, ಅವರು ನಮ್ಮ ಹಾಲ್‌ಗೆ ಬಂದಾರೇನ್ರಿ?" ಬಂದಿರಲಿಲ್ಲ, ಹಾಗೆಂದು ಹೇಳಿದೆ. ಆದರೆ ಬರಬಹುದಿತ್ತು. ಅವಳಿಗೂ ಅದು ಗೊತ್ತಾಗಿತ್ತು. ಈ ತಿಳಿವಳಿಕೆಗಿಂತ ದೊಡ್ಡ ಆಘಾತವನ್ನು ನಾನು ಯಾವ ವಿದ್ಯಾರ್ಥಿಯ ಮುಖದಲ್ಲೂ ಕಂಡಿಲ್ಲ.

ಇಲ್ಲಿಂದ ರೈಲು ಇಳಿಯುವ ಬ್ರಗಾಂಜಾ ಘಟ್ಟ 37ಕ್ಕೆ 1ರ ಏರು. ಕೆಳಗಿನಿಂದ ಬರುವ ಗಾಡಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಬೇಕು ಎಂದು ಈ ಊರಿಗೆ ಯಾರೂ ಕಲಿಸಬೇಕಿಲ್ಲ. ಅಂಥ ಒಂದು ಇಂಜಿನ್ನನ್ನು ಮೊದಲ ವರ್ಷದ ಈ ಮಕ್ಕಳಿಗೂ ಕೊಡಿ ಎಂದು ನಾನು ಸಭೆಗಳಲ್ಲಿ ಕೇಳುತ್ತಲೇ ಬಂದೆ. ಮನಶ್ಶಾಸ್ತ್ರಜ್ಞರನ್ನೇ ನೇಮಿಸಬೇಕೆಂದಿಲ್ಲ. ಹಾಲಿನಿಂದ ಬಂದ ದಿನ ರೊಟ್ಟಿ ಮುರಿಯುವಾಗ ಬೆರಳಿನ ವಾಸನೆಗೆ ಊಟ ಬಿಟ್ಟೆದ್ದವರನ್ನು ಕೂರಿಸಿಕೊಂಡು "ಏನಾತು?" ಎಂದು ಕೇಳುವ ಒಬ್ಬ ಮೇಷ್ಟ್ರು ಸಾಕು.

ತೈವಾನಿನ ಹುವಾಲಿಯೆನ್‌ನಲ್ಲಿರುವ ತ್ಸು ಚಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಛೇದನಕ್ಕೆ ಮೊದಲು ದಾನಿಯ ಮನೆಗೆ ಹೋಗಿ ಮನೆಯವರ ಜತೆ ಕೂತು ದಾನಿಯ ಬದುಕಿನ ಕಥೆ ಕೇಳಿ ಬರುತ್ತಾರೆ. ಹೆಸರು, ಮುಖ, ಕಥೆ ಎಲ್ಲ ತಿಳಿದೇ ಕತ್ತಿ ಹಿಡಿಯುತ್ತಾರೆ. ಅವರ ಕೈಯೇನೂ ಕೆಡುವುದಿಲ್ಲ. ಇದನ್ನು ಓದಿದ ದಿನ, ಹಚ್ಚೆ ಉಳಿಸಿದ ನಮ್ಮ ಸರ್ ಗೆದ್ದರು ಎಂದು ಹಿಗ್ಗಿದೆ. ನಮ್ಮಲ್ಲೂ ಹೆಸರು ಹೇಳಬೇಕು ಎನ್ನುವ ಪಕ್ಷ ನನ್ನದು, ಇಂದಿಗೂ.

ಆದರೂ ಕೆಲವು ಪ್ರಶ್ನೆಗಳು ನನ್ನನ್ನು ನಿಲ್ಲಿಸುತ್ತವೆ. ನಿಮ್ಮ ಮುಂದಿಡುತ್ತೇನೆ, ಚರ್ಚೆಯ ವೇಳೆಯಲ್ಲಿ ನೀವು ಹೇಳಿ. ದಾನಿಗಳ ದೇಹ ಇರುವ ಮೇಜಿಗೆ ಹೆಸರು, ಫೋಟೊ, ಮನೆಯವರ ಮಾತು ಎಲ್ಲ ಬಂತು ಎನ್ನಿ. ಪಕ್ಕದ ಮೇಜಿನ ವಾರಸುದಾರರಿಲ್ಲದವರಿಗೆ ಏನನ್ನು ಬರೆಯುವುದು? ಸತ್ತ ಮೇಲೂ ಮನೆಯಿದ್ದವರಿಗೊಂದು ಮೇಜು, ಇಲ್ಲದವರಿಗೊಂದು ಮೇಜು ಎಂದು ನಾವೇ ಮಕ್ಕಳಿಗೆ ತೋರಿಸಿಕೊಟ್ಟಂತೆ ಆಗುವುದಿಲ್ಲವೇ? ಹಾಗಾದರೆ ಯಾರ ಹೆಸರನ್ನೂ ಹೇಳದಿರುವುದೇ ಸಮಾನತೆಯೇ? ದೇಹದಾನದ ಅರ್ಜಿಗೆ ನಾನು ಸಹಿ ಹಾಕಿದ್ದೇನೆ. ನನ್ನ ಹೆಸರನ್ನು ಆ ಮಕ್ಕಳಿಗೆ ಹೇಳಿರಿ ಎಂದು ಕೆಳಗೆ ಒಂದು ಸಾಲು ಸೇರಿಸಬೇಕೆಂದಿದ್ದೆ, ಇನ್ನೂ ಸೇರಿಸಿಲ್ಲ. ಸೇರಿಸಲೇ?